ಮಿಸ್ತ್ರಿಯ ಕಿವಿ

ಸವಣೂರಿನಲ್ಲಿ ನನ್ನ ಗಂಡನಿಗೆ ಯೆಜ್ಡಿ ನದೀಮ ಎಂದೇ ಹೆಸರು. ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲಿನ ಕಾರ್ಬ್ಯುರೇಟರನ್ನು ಹದಕ್ಕೆ ತರುವುದರಲ್ಲಿ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಅಂಥ ಕೈ ಇನ್ನೊಂದಿಲ್ಲ ಎಂದು ಜನ ಹೇಳುತ್ತಾರೆ. ಕೈಯ ಮಾತು ಖರೆ. ಕಿವಿ ಮಾತ್ರ ನನ್ನದು.

ಹನ್ನೊಂದು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಅವರ ಮುಂದೆಯೂ ಆಡಿರಲಿಲ್ಲ. ಒಂದೇ ಸೂರಿನ ಕೆಳಗೆ ಉಂಡು ಮಲಗಿ, ಗಂಡನಿಗೆ ಕಿವಿ ಹೋಗಿದೆ ಎಂಬುದನ್ನು ಹೆಂಡತಿ ಬಾಯಲ್ಲೇ ಕಟ್ಟಿಟ್ಟುಕೊಂಡು ತಿರುಗುವುದೆಂದರೆ ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಾಗುವುದೂ ಬೇಡ.

ಮೊದಲು ಹೋದದ್ದು ಕುಕ್ಕರಿನ ಸೀಟಿ. ಆಮೇಲೆ ಫೋನಿನ ಗಂಟೆ. ಆಮೇಲೆ ನನ್ನ ದನಿ. ಮೊದಲ ಒಂದು ವರ್ಷ ನನಗೆ ಅನುಮಾನವೇ ಬರಲಿಲ್ಲ. ಮದುವೆಯಾದಾಗಿನಿಂದ ಆ ಮನುಷ್ಯ ನನ್ನ ಮಾತನ್ನು ಕಿವಿಗೆ ಹಾಕಿಕೊಂಡದ್ದೇ ಕಡಿಮೆ. ಲಾರಿ ಹೋದರೆ ಅವರಿಗೆ ಗೊತ್ತಾಗುತ್ತದೆ, ಗುಡುಗಿದರೆ ಗೊತ್ತಾಗುತ್ತದೆ. ತೆಳು ಸಪ್ಪಳ ಒಂದೂ ಇಲ್ಲ. ನನ್ನ ತುಟಿ ನೋಡಿ ನನ್ನ ಮಾತು ಹಿಡಿಯುತ್ತಾರೆ, ಬೇರೆಯವರದು ಅರ್ಧಮರ್ಧ. ಮೂವತ್ತು ವರ್ಷ ಸೈಲೆನ್ಸರಿನ ಬಾಯಿಗೆ ಕಿವಿ ಕೊಟ್ಟು ಕೂತವರಿಗೆ ಇನ್ನೇನು ಸಿಗಬೇಕು, ಬಹುಮಾನವೇ?

ಗ್ಯಾರೇಜು ಎಂದರೆ ನಮ್ಮ ಮನೆಯ ಮುಂದಿನ ಪಡಸಾಲೆ. ಅದಕ್ಕೆ ಹೊಂದಿಕೊಂಡೇ ಅಡುಗೆಮನೆಯ ಬಾಗಿಲು. ಹನ್ನೊಂದು ವರ್ಷದ ಹಿಂದೆ ಒಂದು ದಿನ ನಾನು ಆ ಬಾಗಿಲಲ್ಲಿ ನಿಂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. ಇವರು ಗಿರಾಕಿಯ ಎದುರು ಕಾರ್ಬ್ಯುರೇಟರಿನ ಸ್ಕ್ರೂ ತಿರುವುತ್ತಿದ್ದರು. ಎಂಜಿನ್ನಿನ ಸಪ್ಪಳ ಹದಕ್ಕೆ ಬಂತು, ದಾಟಿತು, ಕೆಟ್ಟಿತು. ಇವರು ಇನ್ನೂ ತಿರುವುತ್ತಲೇ ಇದ್ದರು. ನಾನು ಬಾಯಿ ಬಿಟ್ಟು ನೋಡುತ್ತ ನಿಂತೆ. ಇವರು ತಲೆ ಎತ್ತಿ ನನ್ನ ಮುಖ ನೋಡಿದರು, ಸ್ಕ್ರೂವನ್ನು ಹಿಂದಕ್ಕೆ ತಿರುಗಿಸತೊಡಗಿದರು. ಸಪ್ಪಳ ಮತ್ತೆ ಹದಕ್ಕೆ ಬಂದಾಗ ನನ್ನ ಜೀವಕ್ಕೆ ಸಮಾಧಾನವಾಗಿ ಮೊರ ಕಟ್ಟೆಯ ಮೇಲಿಟ್ಟೆ. ಅವರು ಅಲ್ಲಿಗೇ ಕೈ ನಿಲ್ಲಿಸಿದರು. ಗಿರಾಕಿ ವಾಹ್ ಎಂದ.

ಅಷ್ಟೇ. ಅಂದಿನಿಂದ ಅದೇ ಪದ್ಧತಿಯಾಯಿತು. ಮೊರ ಕೈಯಲ್ಲಿದ್ದರೆ ಇನ್ನೂ ಆಗಿಲ್ಲ, ಕೆಳಗಿಟ್ಟರೆ ಆಯಿತು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸ್ಕ್ರೂ ತಿರುವುವಾಗ ಮಿಸ್ತ್ರಿ ಕಣ್ಣೆತ್ತಿ ದೇವರನ್ನು ನೆನೆಯುತ್ತಾರೆ ಎಂದು ಜನ ತಿಳಿದುಕೊಂಡರು. ದೇವರಂತೆ! ದೇವರು ಇಲ್ಲಿ ಸೀರೆಯ ಸೆರಗು ಸಿಕ್ಕಿಸಿಕೊಂಡು, ಹಿಂದೆ ಬೇಳೆ ಉಕ್ಕಿ ಒಲೆ ಆರುತ್ತಿದ್ದರೂ ಕದಲದೆ ನಿಂತಿರುತ್ತಿದ್ದಳು. ಜ್ವರ ಬಂದರೂ ಗಾಡಿ ಚಾಲೂ ಆದರೆ ಏಳಬೇಕು. ಎಷ್ಟು ರೊಟ್ಟಿ ಸೀದವೋ ಆ ಅಲ್ಲಾನಿಗೇ ಗೊತ್ತು.

ಒಮ್ಮೆ, ಒಂದೇ ಒಂದು ಸಲ, ಹುಬ್ಬಳ್ಳಿಯಲ್ಲಿ ಕಿವಿಯ ಡಾಕ್ಟರು ಇದ್ದಾರಂತೆ ಎಂದು ಬಾಯಿ ತೆಗೆದಿದ್ದೆ. ಅವರು ಎದ್ದು ಕೈ ತೊಳೆಯಲು ಹೋದರು. ಕಿವಿಗೆ ಮಷೀನು ಹಾಕಿಕೊಂಡ ಮಿಸ್ತ್ರಿಯ ಕೈಗೆ ಯಾರು ಗಾಡಿ ಕೊಡುತ್ತಾರೆ? ಅವರ ಹೆಸರು ನಿಂತದ್ದೇ ಕೇಳುವುದರ ಮೇಲೆ. ಆಮೇಲೆ ನಾನು ಸುಮ್ಮನಾದೆ.

ಸುಸ್ತಾಗಿತ್ತು ನನಗೆ. ಸುಳ್ಳು ಹೇಳುವುದಿಲ್ಲ.

ಈ ಸಲ ಮಗಳು ಗುಲ್ನಾರಳಿಗೆ ದಿನ ತುಂಬಿದ್ದವು. ಅವಳನ್ನು ಕೊಟ್ಟದ್ದು ಹಿರೇಕೆರೂರಿಗೆ. ಮೊದಲ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಎರಡನೆಯದು ಗಂಡನ ಮನೆಯಲ್ಲೇ ಆಗಬೇಕು, ಅಲ್ಲಿ ಹೆಣ್ಣು ದಿಕ್ಕಿಲ್ಲ, ಅತ್ತೆ ತೀರಿಕೊಂಡು ವರ್ಷವಾಗಿದೆ. ನಾನೇ ಹೋಗಬೇಕು. ನಮ್ಮ ಮನೆಯಲ್ಲಿ ಉರ್ದು, ಕನ್ನಡ ಎರಡೂ ನಡೆಯುತ್ತವೆ, ಆದರೆ ಜಗಳ ಮಾತ್ರ ಕನ್ನಡದಲ್ಲೇ ನಡೆಯುತ್ತದೆ. ಕನ್ನಡದಲ್ಲಿ ಬೈದರೇ ನನಗೆ ಬೈದ ಸಮಾಧಾನ.

"ನಾಳೆ ನಾನು ಹಿರೇಕೆರೂರಿಗೆ ಹೊಂಟೇನಿ," ಎಂದೆ, ಅವರ ಮುಖದ ಮುಂದೆಯೇ ನಿಂತು.

"ಹಂಸಭಾವಿ ಬಸವೇಶನ ಗಾಡಿ ಒಂದು ಮುಗೀಲಿ. ಆಮ್ಯಾಲೆ ಹೋಗು."

"ಹ್ವಾದ ವಾರ ಹಾನಗಲ್ಲದ ಗಾಡಿ ಮುಗೀಲಿ ಅಂದ್ರಿ. ಅದರ ಹಿಂದಿನ ವಾರ ಶಿಗ್ಗಾಂವದ್ದು. ಹೊಟ್ಯಾಗಿನ ಕೂಸು ನಿಮ್ಮ ಗಾಡಿ ಮುಗಿಯೂತನಕ ಕಾಯ್ತೈತೇನು?"

"ಒಂದ ಗಾಡಿ, ಮುಮ್ತಾಜ. ಇದೊಂದ."

ಯಾಕೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಇಬ್ಬರಿಗೂ ಗೊತ್ತಿದ್ದ ಉತ್ತರ.

ಬಸವೇಶ ಹಂಸಭಾವಿಯ ಒಕ್ಕಲುತನದ ಮನೆಯವ. ಅಪ್ಪ ಕೊಂಡ ನಲವತ್ತೈದು ವರ್ಷದ ಯೆಜ್ಡಿಯನ್ನು ಇನ್ನೂ ಓಡಿಸುತ್ತಾನೆ. ಗೋವಿನಜೋಳದ ರಾಶಿ ಮಾಡುವ ಕಾಲದಲ್ಲಿ ಧೂಳು ತುಂಬಿ ಏರ್ ಫಿಲ್ಟರ್ ಕಟ್ಟಿತೆಂದು ಈ ಮಹರಾಯ ಹಳೆಯ ಫಿಲ್ಟರನ್ನು ಡಬ್ಬಿಯ ಸಮೇತ ಕಿತ್ತೆಸೆದು, ಮೊಬೈಲಿನಲ್ಲಿ ನೋಡಿ ತರಿಸಿದ ಹೊಸದೊಂದನ್ನು ಸಿಕ್ಕಿಸಿದ್ದ. ಕೆಂಪಗೆ, ಮೊನಚಾಗಿ, ಹೊರಗೇ ಕಾಣುವ ಹಾಗೆ. ಅದನ್ನು ಹಾಕಿದ ದಿನದಿಂದ ಗಾಡಿ ಕೆಮ್ಮಲು ಹತ್ತಿತ್ತು.

"ರಾಶಿ ಮಾಡೂಮುಂದ ಮೂಗಿಗೆ ಬಟ್ಟಿ ಕಟ್ಕೋತೀರಿಲ್ಲೋ? ಗಾಡಿಗೂ ಹಂಗ," ಎಂದು ಇವರು ಅವನಿಗೆ ತಿಳಿಸಿ ಹೇಳಿದರು. "ಹಳೇ ಫಿಲ್ಟರ್ ಸೋಸಿ ಗಾಳಿ ಬಿಡ್ತಿತ್ತು. ಇದು ಬಾಯಿ ತಕ್ಕೊಂಡು ಗಾಳಿ ಕುಡೀತೈತಿ. ಗಾಳಿ ಹೆಚ್ಚಾದ್ರ ಪೆಟ್ರೋಲ್ ಸಾಲೂದಿಲ್ಲ. ಪೆಟ್ರೋಲ್‌ನ್ಯಾಗ ಕಲಸಿದ ಎಣ್ಣಿನೂ ಸಾಲೂದಿಲ್ಲ. ಒಣಗಿದ ಪಿಸ್ಟನ್ ಒಂದಿನ ಓಡತಾ ಓಡತಾ ಹಿಡಕೊಂಡು ಬಿಡ್ತೈತಿ."

"ಅದಕ್ಕ ನಿಮ್ಮ ಕಡೆ ತಂದೇನ್ರಿ ಮಿಸ್ತ್ರಿ. ಫಿಲ್ಟರ್ ಭಾಳ ಛಂದ ಐತಿ, ಅದೊಂದು ತಗೀಬ್ಯಾಡ್ರಿ. ಉಳದದ್ದು ನೀವು ಕೂಡಸ್ರಿ."

ಛಂದವಂತೆ. ಛಂದಕ್ಕೆ ಬೆಂಕಿ ಹಾಕ. ಆ ಫಿಲ್ಟರಿಗೆ ಸರಿಯಾಗುವಷ್ಟು ಪೆಟ್ರೋಲು ಬರಬೇಕೆಂದರೆ ಜೆಟ್ಟು ಬದಲಿಸಬೇಕು. ಜೆಟ್ಟು ಎಂದರೆ ಸೂಜಿಯ ತೂತಿನಷ್ಟು ತೂತಿರುವ ಹಿತ್ತಾಳೆಯ ತುಂಡು. ಇವರು ಕಾರ್ಬ್ಯುರೇಟರ್ ಬಿಚ್ಚಿ ಒಂದಕ್ಕಿಂತ ಒಂದು ದೊಡ್ಡ ತೂತಿನ ಜೆಟ್ಟು ಹಾಕಿ ನೋಡುತ್ತ ಹೋದರು. ಹಾಕುವುದು, ಚಾಲೂ ಮಾಡುವುದು, ರೇಸು ಕೊಟ್ಟು ಬಿಡುವುದು, ನನ್ನ ಕಡೆ ನೋಡುವುದು. ಮೂರು ದಿನ ಇದೇ ಹಾಡು.

ಹದವಾದ ಎಂಜಿನ್ನಿನ ಸಪ್ಪಳ ರೇಸು ಬಿಟ್ಟ ಕೂಡಲೇ ಕೆಳಗಿಳಿಯಬೇಕು. ಪೆಟ್ರೋಲು ಸಾಲದಿದ್ದರೆ ಅದು ಮೇಲೆಯೇ ಒಂದು ಗಳಿಗೆ ನಿಂತು, ಆಮೇಲೆ ಮನಸ್ಸಿಲ್ಲದೆ ಇಳಿಯುತ್ತದೆ. ಗುರುವಾರ ಮಧ್ಯಾಹ್ನ ನಾಲ್ಕನೆಯ ಜೆಟ್ಟು ಹಾಕಿದಾಗಲೂ ಸಪ್ಪಳ ಮೇಲೆಯೇ ನಿಲ್ಲುತ್ತಿತ್ತು. ಬಹಳ ಅಲ್ಲ, ಒಂದು ಉಸಿರಿನಷ್ಟು. ಇನ್ನೊಂದು ಜೆಟ್ಟು ಹಾಕಿದ್ದರೆ ಸರಿಹೋಗುತ್ತಿತ್ತು. ಬಸವೇಶ ಬಂದು ಬೆಂಚಿನ ಮೇಲೆ ಕೂತಿದ್ದ. ನಾನು ಮೊರ ಹಿಡಿದು ನಿಂತಿದ್ದೆ.

ಆಗ ಕಟ್ಟೆಯ ಮೇಲಿದ್ದ ಫೋನು ಬಡಿದುಕೊಂಡಿತು. ಅಳಿಯನ ಹೆಸರು. ನಾನು ಮೊರ ಕೆಳಗಿಟ್ಟು ಫೋನು ಎತ್ತಿದೆ.

"ಅಮ್ಮೀ, ಆಕಿಗೆ ನೋವು ಚಾಲೂ ಆಗ್ಯಾವ. ದವಾಖಾನಿಗೆ ಕರಕೊಂಡು ಹೊಂಟೇನಿ. ನೀವು ಲಗೂನ ಬರ್ರಿ."

ತಿರುಗಿ ನೋಡಿದರೆ ಎಂಜಿನ್ನು ಬಂದ್ ಆಗಿತ್ತು. ಇವರು ಕೈ ಒರೆಸಿಕೊಳ್ಳುತ್ತ ಬಸವೇಶನಿಗೆ "ಆತು ನೋಡ್ರಿ, ಇನ್ನ ಬೆಣ್ಣಿ ಹಂಗ ಓಡ್ತೈತಿ" ಎನ್ನುತ್ತಿದ್ದರು. ಮೊರ ಕಟ್ಟೆಯ ಮೇಲಿತ್ತು.

ಅಲ್ಲ ಎಂದು ಒಂದು ಕೈ ಎತ್ತಿದ್ದರೆ ಸಾಕಿತ್ತು. ಕೈ ಎತ್ತಿದರೆ ಮತ್ತೆ ಕಾರ್ಬ್ಯುರೇಟರ್ ಬಿಚ್ಚಬೇಕು, ಮತ್ತೆ ಎರಡು ತಾಸು, ಮೂರು ಗಂಟೆಯ ಬಸ್ಸು ಹೋಗುತ್ತದೆ. ನನ್ನ ಮಗಳು ಅಲ್ಲಿ ಒಬ್ಬಳೇ ನೋವು ತಿನ್ನುತ್ತಿದ್ದಾಳೆ. ನಾಲ್ಕು ದಿನ ಓಡಿಸಲಿ, ಮುಂದಿನ ವಾರ ತರಿಸಿ ಸರಿಮಾಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಬಸವೇಶ ಕಿಕ್ ಹೊಡೆದು ಹೊರಟ. ನಾನು ನೋಡಿದೆ. ಬಾಯಿ ಬಿಡಲಿಲ್ಲ.

ಮೂರರ ಬಸ್ಸು ಹಿಡಿದು ಹಿರೇಕೆರೂರಿನ ದವಾಖಾನೆ ಮುಟ್ಟಿದೆ. ಗುಲ್ನಾರ ಒಂದು ರಾತ್ರಿ ಒಂದು ಹಗಲು ಕಷ್ಟಪಟ್ಟಳು. ಶುಕ್ರವಾರ ಮಧ್ಯಾಹ್ನ ನಾನು ಬಿಸಿನೀರಿಗೆಂದು ದವಾಖಾನೆಯ ಕೆಳಗಿನ ಚಹಾದಂಗಡಿಗೆ ಹೋಗಿ ಬರುತ್ತಿದ್ದಾಗ ಬಾಗಿಲಲ್ಲೇ ಬಸವೇಶ ಎದುರಾದ. ಅಂಗಿಯ ತೋಳು ಹರಿದಿತ್ತು, ಮೊಣಕೈ ಕೆತ್ತಿ ರಕ್ತ ಒಣಗಿತ್ತು.

"ನಿನ್ನೆ ಹಾವೇರಿಯಾಗ ನಮ್ಮಕ್ಕನ ಮನ್ಯಾಗ ಇದ್ವಿ," ಎಂದ. "ಇವತ್ತು ಮುಂಜಾನೆ ನನ್ನ ಹೇಣ್ತಿ ಸುಧಾರಾಣಿನ್ನ ಹಿಂದ ಕುಂದ್ರಿಸಿಕೊಂಡು ಊರಿಗೆ ಹೊಂಟಿದ್ನಿ. ಹಂಸಭಾವಿ ಇನ್ನ ನಾಕ ಮೈಲು ಇತ್ತು. ಪಿಸ್ಟನ್ ಹಿಡಕೊಂತು ನೋಡ್ರಿ ಅಕ್ಕಾರ, ಹಿಂದಿನ ಗಾಲಿ ಗಕ್ಕನ ನಿಂತಬಿಡ್ತು. ಈಕಿ ಹೋಗಿ ರಸ್ತೇಕ ಬಿದ್ಲು. ಬಲಗೈ ಎರಡು ಕಡೆ ಮುರದೈತಿ, ಹತ್ತರದ ದೊಡ್ಡ ದವಾಖಾನಿ ಇದ ಅಂತ ಇಲ್ಲಿಗೆ ಕರಕೊಂಡು ಬಂದೇನಿ."

ನಾನು ಬಿಸಿನೀರಿನ ಕೆಟಲ್ಲನ್ನು ಕೆಳಗಿಟ್ಟೆ. ಅವನೇ ಮುಂದುವರಿಸಿದ.

"ನಿಮ್ಮ ಯಜಮಾನ್ರು ಕುಡಿಯಾಕ ಚಾಲೂ ಮಾಡ್ಯಾರೇನ್ರಿ?"

"ಯಾ ಅಲ್ಲಾ! ಏನ್ ಮಾತಾಡ್ತೀರಿ ಅಣ್ಣಾರ!"

"ಮತ್ತ? ಅಷ್ಟು ದೊಡ್ಡ ಮಿಸ್ತ್ರಿ, ಕೇಳಿದ್ರ ಗೊತ್ತಾಗೂದಿಲ್ಲೇನ್ರಿ ಅದು? ಫೋನ್ ಮಾಡಿದ್ರ ಎತ್ತಂಗಿಲ್ಲ. ಹಾನಗಲ್ಲದಾಗ, ಶಿಗ್ಗಾಂವದಾಗ ಹಳೇ ಗಾಡಿ ಇಟ್ಟವ್ರು ಎಷ್ಟು ಮಂದಿ ಅದಾರ, ಅವ್ರಿಗೆಲ್ಲಾ ಹೇಳೇನಿ. ನದೀಮನ ಕೈ ಕೆಟ್ಟೈತಿ, ಆ ಕಡೆ ಮಾರಿ ಹಾಕಬ್ಯಾಡ್ರಿ ಅಂತ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷದ ಹೆಸರನ್ನು ಮಣ್ಣು ಮಾಡಲು ಅವನಿಗೆ ಬೆಳಗಿನಿಂದ ಮಧ್ಯಾಹ್ನದವರೆಗಿನ ಹೊತ್ತು ಸಾಕಾಗಿತ್ತು. ಅದೂ ಬೀಡಿಯನ್ನೂ ಮುಟ್ಟದ ಮನುಷ್ಯನಿಗೆ ಕುಡುಕ ಎಂಬ ಬಿರುದು. ತಪ್ಪು ನನ್ನದು ಎಂದು ಹೇಳಿದರೆ ಕುಡುಕನೆಂಬ ಮಾತು ಅಳಿಯುತ್ತದೆ, ಆದರೆ ಕಿವುಡನೆಂಬ ಮಾತು ಹುಟ್ಟುತ್ತದೆ. ಹೇಳದಿದ್ದರೆ ಕುಡುಕನೆಂಬುದೇ ಉಳಿಯುತ್ತದೆ. ಎರಡರಲ್ಲಿ ಯಾವುದಾದರೂ ನನ್ನ ಗಂಡನ ಕುತ್ತಿಗೆಗೇ. ಅಡಕತ್ತಿನಲ್ಲಿ ಸಿಕ್ಕ ಅಡಿಕೆಯಂತೆ ನಿಂತೆ. ಒಳಗೆ ಗುಲ್ನಾರ ಕೂಗುತ್ತಿದ್ದಳು. ಅದನ್ನೇ ನೆಪ ಮಾಡಿಕೊಂಡು ಅಲ್ಲಿಂದ ಓಡಿದೆ.

ಸುಧಾರಾಣಿ ಮಲಗಿದ್ದ ಕೋಣೆ ಹೆರಿಗೆಯ ವಾರ್ಡಿನ ಎದುರಿಗೇ ಇತ್ತು. ಮೂಳೆ ಕೂಡಿಸುವಾಗ ಆಕೆ ಕೂಗಿದ್ದು ನನಗೆ ಕೇಳಿಸಿತು. ನನಗೆ ಎಲ್ಲವೂ ಕೇಳಿಸುತ್ತದಲ್ಲ. ನನ್ನ ಮಗಳ ಕೂಗು ಯಾವುದು, ಆಕೆಯ ಕೂಗು ಯಾವುದು ಎಂದು ಬೇರೆ ಮಾಡಿ ಕೇಳುತ್ತ ಕೂತಿದ್ದೆ. ನನಗೆ ಕಿವಿಯೇ ಇಲ್ಲದಿದ್ದರೆ ಒಳ್ಳೆಯದಿತ್ತು ಎನಿಸಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ಸಂತೋಷಪಡುವುದಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ. ರಾತ್ರಿ ಅಳಿಯ ಸವಣೂರಿನ ನಮ್ಮ ಪಕ್ಕದ ಮನೆಯವರಿಗೆ ಫೋನು ಮಾಡಿ, ಮಾವನಿಗೆ ಸುದ್ದಿ ಮುಟ್ಟಿಸಿ ಎಂದ.

ಶನಿವಾರ ಬೆಳಿಗ್ಗೆ ಇವರು ಬಂದರು. ನಾನು ವಾರ್ಡಿನೊಳಗೆ ಗುಲ್ನಾರಳಿಗೆ ಗಂಜಿ ಕುಡಿಸುತ್ತಿದ್ದೆ. ಹೊರಗೆ ಓಣಿಯಂಥ ದಾರಿಯಲ್ಲಿ ಗಂಡಸಿನ ದೊಡ್ಡ ದನಿ ಕೇಳಿ ಬಾಗಿಲಿಗೆ ಬಂದೆ.

ಒಗೆದ ಬಿಳಿ ಅಂಗಿ, ತಲೆಗೆ ಟೋಪಿ, ಕೈಯಲ್ಲಿ ಪೇಢೆಯ ಪೊಟ್ಟಣ ಹಿಡಿದು ಇವರು ನಿಂತಿದ್ದಾರೆ. ಎದುರಿಗೆ ಬಸವೇಶ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಾನೆ. ಇವರಿಗೆ ಅಪಘಾತದ ಸುದ್ದಿಯೇ ಗೊತ್ತಿಲ್ಲ. ಗುರುತಿನ ಮನುಷ್ಯ ದವಾಖಾನೆಯಲ್ಲಿ ಸಿಕ್ಕು ಕೂಸಿನ ವಿಷಯ ಮಾತಾಡುತ್ತಿದ್ದಾನೆ ಎಂದು ತಿಳಿದಿದ್ದಾರೆ. ಮುಖದ ತುಂಬ ನಗು. ಹಾಂ, ಹಾಂ ಎಂದು ತಲೆ ಆಡಿಸುತ್ತಿದ್ದಾರೆ. ಪೊಟ್ಟಣ ಬಿಚ್ಚಿ ಒಂದು ಪೇಢೆ ಅವನ ಮುಂದೆ ಹಿಡಿದರು.

"ನನ್ನ ಹೇಣ್ತಿ ಕೈ ಮುರಕೊಂಡು ಬಿದ್ದಾಳ, ನೀ ನಗ್ತೀಯೇನೋ!" ಎಂದು ಬಸವೇಶ ಇವರ ಕೊರಳಪಟ್ಟಿ ಹಿಡಿದ. ಪೇಢೆ ನೆಲಕ್ಕೆ ಬಿತ್ತು. ಇವರ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಏನಾಯಿತು ಎಂದು ತಿಳಿಯದೆ ಸುತ್ತಲೂ ಕಣ್ಣಾಡಿಸಿ ನನ್ನನ್ನು ಹುಡುಕಿದರು.

"ಬಿಡ್ರಿ ಅವ್ರನ್ನ!" ಎಂದು ಕಿರುಚಿದೆ. "ಅವ್ರಿಗೆ ಕೇಳಸೂದಿಲ್ಲ! ಅವ್ರು ಕಿವುಡ್ರು!"

ದಾರಿಯಲ್ಲಿದ್ದ ಜನವೆಲ್ಲ ತಿರುಗಿತು. ಬಸವೇಶನ ಕೈ ಸಡಿಲಾಯಿತು. ನಾನು ಹೇಳುತ್ತಲೇ ಹೋದೆ, ನಿಲ್ಲಿಸಲು ಆಗಲಿಲ್ಲ. ಹನ್ನೊಂದು ವರ್ಷದಿಂದ ಅವರ ಕಿವಿಯಾಗಿ ನಾನು ಬಾಗಿಲಲ್ಲಿ ನಿಂತದ್ದು, ಮೊರದ ಸನ್ನೆ, ಗುರುವಾರ ಫೋನು ಬಂದದ್ದು, ಫೋನಿಗೆಂದು ಇಟ್ಟ ಮೊರವನ್ನು ಅವರು ಸನ್ನೆ ಎಂದು ತಿಳಿದದ್ದು. ಎಲ್ಲ.

ಎದುರಿನ ಕೋಣೆಯ ಬಾಗಿಲಿಗೆ ಸುಧಾರಾಣಿ ಬಂದು ನಿಂತಿದ್ದಳು. ಬಲಗೈ ಪೂರ್ತಿ ಪ್ಲಾಸ್ಟರು, ಕುತ್ತಿಗೆಗೆ ಜೋಲಿ.

"ಅಂದ್ರ ಗಾಡಿ ಸರಿ ಆಗಿಲ್ಲಂತ ನಿಮಗ ಗೊತ್ತಿತ್ತೇನ್ರಿ ಅಕ್ಕಾರ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಗೊತ್ತಿತ್ತವ್ವ."

"ಗೊತ್ತಿದ್ದೂ ಸುಮ್ಮನಿದ್ರಿ."

"ಬಸ್ಸು ತಪ್ಪತಿತ್ತು," ಎಂದೆ. ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದು ಎಂದು ನನಗೇ ನಾಚಿಕೆಯಾಯಿತು.

ಆಕೆ ಪ್ಲಾಸ್ಟರಿನ ಕೈಯನ್ನು ಎಡಗೈಯಿಂದ ಆತುಕೊಂಡಳು. "ಹಿಂದ ನಾ ಕುಂತಿದ್ನಿರಿ," ಎಂದು ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಸವೇಶ ಇವರ ಅಂಗಿಯ ಕೊರಳಪಟ್ಟಿಯನ್ನು ತಾನೇ ಸರಿಮಾಡಿದ. "ಕಿವುಡ್ರು ಅಂತ ಮೊದಲ ಹೇಳಿದ್ರ ನಾ ಗಾಡಿ ಕೊಡತಿರಲಿಲ್ರಿ," ಎಂದ. "ಇನ್ನ ಯಾರೂ ಕೊಡೂದಿಲ್ಲ ಬಿಡ್ರಿ." ಅವನೂ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಇವರು ಇಷ್ಟು ಹೊತ್ತೂ ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದರು. ಬೇರೆಯವರ ಮಾತು ತಪ್ಪಿದರೂ ನನ್ನದು ಒಂದಕ್ಷರವೂ ಅವರಿಗೆ ತಪ್ಪುವುದಿಲ್ಲ. ಬಗ್ಗಿ ನೆಲದ ಮೇಲಿನ ಪೇಢೆಯನ್ನು ಎತ್ತಿ, ಒರೆಸಿ, ಕಿಡಕಿಯ ಅಂಚಿಗೆ ಇಟ್ಟರು. ಆಮೇಲೆ ಸುಧಾರಾಣಿಯ ಬಾಗಿಲ ಮುಂದೆ ಹೋಗಿ, ಮುಚ್ಚಿದ ಬಾಗಿಲಿಗೇ ಕೈ ಮುಗಿದು, "ತಪ್ಪಾತವ್ವ, ನಂದ ತಪ್ಪು" ಎಂದರು. ಒಳಗಿನಿಂದ ಉತ್ತರ ಬಂತೋ ಇಲ್ಲವೋ ಅವರಿಗೆ ತಿಳಿಯುವಂತಿರಲಿಲ್ಲ. ಬರಲಿಲ್ಲ.

ವಾರ್ಡಿಗೆ ಬಂದು ಬೆಂಚಿನ ಮೇಲೆ ಕೂತರು. ಬೈಯಲಿ, ಹೊಡೆಯಲಿ, ಹನ್ನೊಂದು ವರ್ಷ ಕಾಪಾಡಿದ್ದನ್ನು ನಾಲ್ಕು ಜನರ ಮುಂದೆ ಬಿಚ್ಚಿಟ್ಟೆಯಲ್ಲ ಎನ್ನಲಿ ಎಂದು ನಾನು ಗೋಡೆಗೆ ಒರಗಿ ನಿಂತಿದ್ದೆ. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಗುಲ್ನಾರ ಇಬ್ಬರ ಮುಖವನ್ನೂ ನೋಡಿ ಕೂಸನ್ನು ಎತ್ತಿ ಅಪ್ಪನ ಕೈಗೆ ಕೊಟ್ಟಳು.

ಕೈ ಬದಲಾದದ್ದೇ ತಡ, ಕೂಸು ಮುಖ ಕೆಂಪು ಮಾಡಿಕೊಂಡು ಬಾಯಿ ತೆರೆಯಿತು. ಇವರು ಅದರ ಬಾಯಿಯನ್ನು ನೋಡಿದರು. ನನ್ನ ಕಡೆ ತಿರುಗಿದರು.

"ಅಳಾಕತ್ತಾಳೇನು?"

"ಹೂಂ."

"ಜೋರಾಗೇನು?"

"ಇಡೀ ದವಾಖಾನಿ ಎದ್ದು ಕುಂದ್ರೂಹಂಗ."

ಅವರು ಮತ್ತೆ ಕೂಸಿನ ಬಾಯಿಯ ಕಡೆ ಬಗ್ಗಿ, ಕಿವಿಯನ್ನು ಅದರ ತುಟಿಯ ಹತ್ತಿರಕ್ಕೇ ತಂದರು. "ನನಗ ಕೇಳಸವಲ್ದು, ಮುಮ್ತಾಜ," ಎಂದರು.

ಈ ಒಂದು ಮಾತನ್ನು ಅವರ ಬಾಯಿಂದ ಕೇಳಬೇಕೆಂದು ಹನ್ನೊಂದು ವರ್ಷ ಹಂಬಲಿಸಿದ್ದೆ. ಅದು ಬಂದ ದಿನ ನನಗೆ ಅಳಲು ಮಾತ್ರ ಬಂತು.

"ನೀ ಹ್ವಾದ ಮ್ಯಾಲೆ ಮನೀ ಬಾಗಲಾನ ಹಾಕಿಲ್ಲ," ಎಂದರು, ಕೂಸಿನ ಮೇಲಿಂದ ಕಣ್ಣು ತೆಗೆಯದೆ. "ಗುರುವಾರ ರಾತ್ರಿನೂ, ನಿನ್ನೆ ರಾತ್ರಿ ಸುದ್ದಿ ಮುಟ್ಟೂತನಕನೂ ತಕ್ಕೊಂಡ ಇಟ್ಟಿದ್ನಿ. ಹೊಸ್ತಿಲದಾಗ ಹಾಸಿಗಿ ಹಾಕಿ ಮಲಗಿದ್ನಿ. ಸುದ್ದಿ ತಂದವ್ರು ಬಾಗಲಾ ಬಡದು ಬಡದು ವಾಪಸ್ ಹೋಗಬಾರದಂತ. ಬಂದವ್ರು ನನ್ನ ತುಳದಾದ್ರೂ ಎಬ್ಬಸ್ಲಿ ಅಂತ."

ಕೂಸು ಅಳುತ್ತಲೇ ಇತ್ತು. ಎತ್ತಿಕೊಳ್ಳಲು ಗುಲ್ನಾರ ಕೈ ಚಾಚಿದಳು, ನಾನು ಬೇಡವೆಂದೆ. ಬೆಂಚಿನ ಮೇಲೆ ಅವರ ಪಕ್ಕದಲ್ಲಿ, ನನ್ನ ತುಟಿ ಅವರಿಗೆ ಕಾಣುವ ಹಾಗೆ ತಿರುಗಿ ಕೂತೆ. ಅದು ಹೇಗೆ ಅಳುತ್ತಿದೆ ಎಂದು ಮೊದಲಿನಿಂದ ಹೇಳತೊಡಗಿದೆ.